ಹೈಬ್ರಿಡ್‌ನಲ್ಲಿ ಪಿಕಪ್ ಮುಖ್ಯವೋ, ಮೈಲೇಜೋ?

"ಪಿಕಪ್ ಇಲ್ಲದ ಹೈಬ್ರಿಡ್ ಯಾರಿಗೆ ಬೇಕು, ಕಂಪನಿಗಳು ಪವರ್ ಏರಿಸ್ತಿರೋದೇ ಸರಿ" ಅಂತ ಮೇಲೆ ಒಬ್ಬರು ಬರೆದಿದ್ದೀರಿ. ನಾನು ಒಪ್ಪಲ್ಲ ಸರ್.

ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿಯಿಂದ ಓಡೋ ಮೋಟಾರೂ ಇರೋ ಕಾರು. ನಿಂತ ಕಾರು ಹೊರಡುವಾಗ ಪೆಟ್ರೋಲ್ ಎಂಜಿನ್‌ಗೆ ದಮ್ಮು ಕಡಿಮೆ. ಮೋಟಾರಿಗೆ ಹಾಗಲ್ಲ, ಶುರುವಿನಿಂದಲೇ ಟಾರ್ಕ್, ಅಂದರೆ ಚಕ್ರ ತಿರುಗಿಸೋ ಬಲ, ಸಿಗುತ್ತೆ. ಅಂದಮೇಲೆ ಎಂಜಿನ್ ಚಿಕ್ಕದಾದರೂ ನಡೆಯುತ್ತೆ, ಹೈಬ್ರಿಡ್‌ನ ಲಾಭ ಇರೋದೇ ಅಲ್ಲಿ. 1999ರ ಹೋಂಡಾ ಇನ್‌ಸೈಟ್ ನೋಡಿ: 1 ಲೀಟರ್, 3 ಸಿಲಿಂಡರ್, ಅಲ್ಯುಮಿನಿಯಂ ಬಾಡಿ, ಗಾಳಿ ತಡೆಯದ ಹಾಗೆ ಹಿಂದಿನ ಚಕ್ರಕ್ಕೂ ಮುಚ್ಚಳ. ಎರಡೇ ಸೀಟು, ಅದು ಬೇರೆ ಮಾತು!

ಅದೇ ಹೋಂಡಾ ಅಮೆರಿಕದಲ್ಲಿ 2005ರ ಮಾಡೆಲ್ ಅಂತ ಅಕಾರ್ಡ್ ಹೈಬ್ರಿಡ್ ತಂದಾಗ 3 ಲೀಟರಿನ, ಆರು ಸಿಲಿಂಡರಿನ ವಿ6 ಎಂಜಿನ್ ಇಟ್ಟುಕೊಂಡೇ ಮೇಲೊಂದು ಮೋಟಾರು ಸೇರಿಸಿತು. 255 ಎಚ್‌ಪಿ. ಹೈಬ್ರಿಡ್ ಕೊಳ್ಳೋರು ಅದರ ಕಡೆ ಹೆಚ್ಚು ತಿರುಗಲಿಲ್ಲ, 2007ಕ್ಕೇ ನಿಂತುಹೋಯ್ತು. ದೊಡ್ಡ ಎಂಜಿನ್ ಟ್ರಾಫಿಕ್‌ನಲ್ಲಿ ತನ್ನ ಶಕ್ತಿಯ ಚೂರಷ್ಟೇ ಬಳಸುತ್ತೆ. ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡೋ ಕವಾಟ) ಬಹುಪಾಲು ಮುಚ್ಚಿರುವಾಗ ಗಾಳಿ ಎಳೆದುಕೊಳ್ಳೋದಕ್ಕೇ ಒಂದಿಷ್ಟು ಪೆಟ್ರೋಲ್ ಹೋಗುತ್ತೆ, ಜೊತೆಗೆ ತೂಕ.

"ಟೊಯೋಟಾದ ಹೈಬ್ರಿಡ್ ಕಾರು, ಈಗಿನ ಪ್ರಿಯಸ್ ಪವರೂ ಕೊಡುತ್ತೆ, ಮೈಲೇಜೂ ಕೊಡುತ್ತಲ್ಲ" ಅಂತೀರಿ. ನಿಜ. ಅಮೆರಿಕದಲ್ಲಿ 121 ಎಚ್‌ಪಿ ಇದ್ದದ್ದು 2023ರ ಮಾಡೆಲ್‌ನಲ್ಲಿ 194ಕ್ಕೆ ಏರಿತು, ಮೈಲೇಜ್ ಬೀಳಲಿಲ್ಲ. ಆದರೆ ಜಪಾನಿನಲ್ಲಿ ಅದೇ ಕಾರನ್ನು ಎರಡು ಎಂಜಿನ್ ಆಯ್ಕೆಯಲ್ಲಿ ಕೊಟ್ಟರು. ಕಂಪನಿಯದೇ ಲೆಕ್ಕದಲ್ಲಿ 2 ಲೀಟರ್ ಎಂಜಿನ್‌ದು ಲೀಟರ್ ಪೆಟ್ರೋಲಿಗೆ 28.6, 1.8ರದ್ದು 32.6 ಕಿ.ಮೀ. ಕೊಡುತ್ತೆ. ವ್ಯತ್ಯಾಸವೆಲ್ಲ ಎಂಜಿನ್‌ದೇ ಅಲ್ಲ, ಒಂದಕ್ಕೆ 19 ಇಂಚಿನ ಚಕ್ರ, ಇನ್ನೊಂದಕ್ಕೆ 17. ಆದರೂ ಲೀಟರಿಗೆ 4 ಕಿ.ಮೀ. ಪವರಿಗೂ ಶೋಕಿಗೂ ಹೋಯ್ತಲ್ಲ!

ಒಂದು ವಿನಾಯಿತಿ ಇದೆ. ತುಂಬು ಲೋಡಿನಲ್ಲಿ ಉದ್ದದ ಏರು ಹತ್ತೋರಿಗೆ ತೀರಾ ಚಿಕ್ಕ ಎಂಜಿನ್ ಕಷ್ಟ. ಬ್ಯಾಟರಿ ಸಣ್ಣದು, ಅರ್ಧದಲ್ಲೇ ಇಳಿದರೆ ಎಂಜಿನ್ ಒಂದೇ ಕೂಗಿಕೊಂಡು ಎಳೀಬೇಕು. ದಿನಾ ಆಫೀಸಿಗೆ ಓಡಾಡೋರಿಗೆ ಈ ಪ್ರಶ್ನೆಯೇ ಬರಲ್ಲ.

ಕಂಪನಿಗೆ ಬರೆಯೋದಾದರೆ "ಮೈಲೇಜ್ ಹೆಚ್ಚಿಸಿ" ಅಂತಷ್ಟೇ ಬರೆದರೆ ಯಾರೂ ಲೆಕ್ಕಕ್ಕಿಡಲ್ಲ. ಚಿಕ್ಕ ಎಂಜಿನ್, ಸಣ್ಣ ಚಕ್ರದ ವೇರಿಯಂಟ್ ಬೇಕು, ಅದರಲ್ಲೂ ಏರ್‌ಬ್ಯಾಗ್ ಪೂರ್ತಿ ಇರಬೇಕು ಅಂತ ಬಿಡಿಸಿ ಕೇಳಿ. ಟೆಸ್ಟ್ ಡ್ರೈವ್ ಮುಗಿದ ಮೇಲೆ ಕೊಡೋ ಫೀಡ್‌ಬ್ಯಾಕ್ ಫಾರಂನಲ್ಲೂ ಇದನ್ನೇ ಬರೀರಿ.