ಸಲಹೆ ಕೊಡುವವರಿದ್ದಾರೆ, ಪ್ರಶ್ನೆ ಕೇಳುವವರಿಲ್ಲ

ಪ್ರಶ್ನೆ: ರಸ್ತೆ, ಮೇಲ್ಸೇತುವೆ, ಭೂ ಉಪಯೋಗ ಬದಲಾವಣೆಯಂತಹ ವಿಷಯಗಳಲ್ಲಿ ಸರ್ಕಾರ ದೊಡ್ಡ ಉದ್ಯಮಿಗಳ ಮಾತಿಗೆ ಕಿವಿಗೊಡುತ್ತದೆ, ನಮ್ಮ ಬಡಾವಣೆಯ ಮನವಿಗೆ ಉತ್ತರವೇ ಬರುವುದಿಲ್ಲ. ಇದಕ್ಕೆ ಕಾನೂನಿನಲ್ಲಿ ತಡೆ ಇಲ್ಲವೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಲಂಚ ಅಪರಾಧ, ಅಹವಾಲು ಅಪರಾಧವಲ್ಲ. ಲಾಬಿಯನ್ನೇ ನಿಯಂತ್ರಿಸುವ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿಲ್ಲ. 2022ರ ಆಗಸ್ಟ್ 30ರ ಮಳೆಗೆ ಹೊರವರ್ತುಲ ರಸ್ತೆಯಲ್ಲಿ ನೌಕರರು ಗಂಟೆಗಟ್ಟಲೆ ಸಿಕ್ಕಿಬಿದ್ದಾಗ, ಅಲ್ಲಿನ ಕಂಪನಿಗಳ ಸಂಘವು ಒಂದೇ ದಿನದಲ್ಲಿ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಮುಖ್ಯಮಂತ್ರಿಗೇ ಪತ್ರ ಬರೆಯಿತು. ದೂರು ನ್ಯಾಯವಾದದ್ದೇ. ಆದರೆ ಅದೇ ನೀರಿನಲ್ಲಿ ನಿಂತ ತಳ್ಳುಗಾಡಿಯವನ ನಷ್ಟವನ್ನು ಲೆಕ್ಕ ಹಾಕಿ ಪತ್ರ ಬರೆಯುವ ಸಂಘ ಯಾವುದಿತ್ತು? ಅವನ ಪರವಾಗಿ ಮಾತನಾಡಬೇಕಾದ ಕಾರ್ಪೊರೇಟರ್ ಕೂಡ ಆಗ ಇರಲಿಲ್ಲ. ಬಿಬಿಎಂಪಿಯ 198 ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದು, ಆಡಳಿತಾಧಿಕಾರಿಯ ಕೈಗೆ ಪಾಲಿಕೆ ಹೋಗಿತ್ತು.

ಉದ್ಯಮಿಗಳ ಸಲಹೆ ಹೊಸದಲ್ಲ. 1999ರಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ನಂದನ್ ನಿಲೇಕಣಿ ಅವರ ನೇತೃತ್ವದಲ್ಲಿ ಬೆಂಗಳೂರು ಅಜೆಂಡಾ ಕಾರ್ಯಪಡೆಯನ್ನು ರಚಿಸಿತು. ಆಸ್ತಿ ತೆರಿಗೆಯನ್ನು ನಾವೇ ಲೆಕ್ಕ ಹಾಕಿ ಕಟ್ಟುವ ಪದ್ಧತಿಗೆ ಅದು ಬೆಂಬಲವಾಗಿ ನಿಂತದ್ದನ್ನು ನಾನು ಒಳ್ಳೆಯ ಕೆಲಸವೆಂದೇ ಎಣಿಸುತ್ತೇನೆ. ಆದರೂ ಅದರ ಸದಸ್ಯರನ್ನು ಜನ ಆರಿಸಿರಲಿಲ್ಲ, ಇಳಿಸುವಂತೆಯೂ ಇರಲಿಲ್ಲ. ಇಂತಹ ಸಲಹೆಯನ್ನು ಎದುರು ಕೂತು ಒರೆಗೆ ಹಚ್ಚುವ ಚುನಾಯಿತ ಸಭೆಯೇ ಇಲ್ಲದಿದ್ದರೆ ಸಲಹೆ ಸದ್ದಿಲ್ಲದೆ ತೀರ್ಮಾನವಾಗುತ್ತದೆ. ನಗರದ ಯೋಜನೆಗೆಂದೇ ಸಂವಿಧಾನವು ಹೇಳಿರುವ ಮಹಾನಗರ ಯೋಜನಾ ಸಮಿತಿಯಲ್ಲಿ ಕನಿಷ್ಠ ಮೂರನೇ ಎರಡರಷ್ಟು ಮಂದಿ ಪಾಲಿಕೆ ಸದಸ್ಯರು ಹಾಗೂ ಪಂಚಾಯಿತಿ ಅಧ್ಯಕ್ಷರ ನಡುವಿನಿಂದ ಆರಿಸಿ ಬರಬೇಕು. ಪಾಲಿಕೆಗೇ ಚುನಾವಣೆ ನಡೆಯದಿದ್ದರೆ ಆ ಆಯ್ಕೆ ಎಲ್ಲಿಂದ ಬಂದೀತು?

ನಿಮ್ಮ ಕೈಯಲ್ಲಿರುವುದು ಇಷ್ಟು. ಪತ್ರಿಕೆಯ ಒಳಪುಟದ ಮೂಲೆಯಲ್ಲಿ, ಸರ್ವೆ ನಂಬರು, ಎಕರೆ, ಗುಂಟೆಗಳ ನಡುವೆ, ‘ವಸತಿಯಿಂದ ವಾಣಿಜ್ಯಕ್ಕೆ’ ಎಂಬ ಸಣ್ಣ ಅಕ್ಷರದ ಪ್ರಕಟಣೆ ಬರುತ್ತದೆ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14ಎ ಕಲಮಿನಡಿ ಹೊರಡುವ ಅದಕ್ಕೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಜಮೀನಿನ ಮಾಲೀಕರ ವಕೀಲರು ಅದನ್ನು ತಪ್ಪದೆ ಓದಿರುತ್ತಾರೆ. ನೀವೂ ಓದಿ, ಗಡುವಿನೊಳಗೆ ಲಿಖಿತವಾಗಿ ಆಕ್ಷೇಪಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಕಡತದ ಟಿಪ್ಪಣಿ ಹಾಳೆಯನ್ನು ಮಾಹಿತಿ ಹಕ್ಕಿನಡಿ ಕೇಳಿ. ನಿಮ್ಮ ಅರ್ಜಿಯನ್ನು ಯಾರು, ಯಾವ ಕಾರಣಕ್ಕೆ ಬದಿಗಿಟ್ಟರು ಎಂಬುದು ಅಲ್ಲಿರುತ್ತದೆ.