ಒಸಿ ಬೇಡ ಅಂದರೆ ಪ್ಲಾನೂ ಬೇಡ ಅಂತಲ್ಲ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯದ್ದು. ಕಟ್ಟಡದ ನಿಯಮ ಬದಲಾಯಿತಂತೆ, ಅದು ನಮಗೂ ಅನ್ವಯ ಆಗುತ್ತದಾ ಅಂತ. ಒಸಿ ಅಂದರೆ ಸ್ವಾಧೀನಾನುಭವ ಪತ್ರ, ಕಟ್ಟಡ ಪ್ಲಾನಿನಂತೆ ಇದೆ, ಒಳಗೆ ಹೋಗಬಹುದು ಅಂತ ಅಧಿಕಾರಿಗಳು ಕೊಡುವ ಕಾಗದ. ಅವುಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಮ್ಮದು 30–40 ಸೈಟು. ನೆಲ ಮಹಡಿ, ಮೇಲೆ ಎರಡು ಅಂತಸ್ತಿಗೆ ಪ್ಲಾನ್ ಪಾಸಾಗಿದೆ. ಮೇಲಿನ ಮೋಲ್ಡ್ ಕೂಡ ಮುಗಿಯಿತು. "ಸಣ್ಣ ಸೈಟಿಗೆ ಈಗ ಒಸಿ ಬೇಡ ಅಂತ ಸರ್ಕಾರವೇ ಹೇಳಿದೆ, ಇನ್ನೊಂದು ಫ್ಲೋರ್ ಎತ್ತಿಬಿಡಿ, ಯಾರೂ ಕೇಳಲ್ಲ" ಅಂತ ಮೇಸ್ತ್ರಿ ದಿನಾ ಹೇಳುತ್ತಾರೆ. ಪಿಲ್ಲರ್ 9 ಇಂಚು–12 ಇಂಚು ಇದೆ. ನಿವೃತ್ತಿಯ ಹಣದಲ್ಲಿ ಕಟ್ಟಿಸುತ್ತಿದ್ದೇನೆ. ಏನು ಮಾಡಲಿ?
— ಓದುಗರು, ನಾಗರಬಾವಿ, ಬೆಂಗಳೂರು

ಎತ್ತಬೇಡಿ ಸಾರ್. ಕಾರಣ ಪೂರ್ತಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮೇಸ್ತ್ರಿ ಹೇಳಿದ್ದರಲ್ಲಿ ಅರ್ಧ ನಿಜ ಇದೆ.

ಉತ್ತರ ಪ್ರದೇಶದ ಮೀರತ್‌ನ ಶಾಸ್ತ್ರಿ ನಗರದಲ್ಲಿ ಮನೆಗೆ ಅಂತ ಕೊಟ್ಟ ಜಾಗದಲ್ಲಿ ಅಂಗಡಿಗಳನ್ನು ಕಟ್ಟಿದ್ದರು. ಆ ಕೇಸಿನಲ್ಲಿ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಜೊತೆಗೆ ಇಡೀ ದೇಶಕ್ಕೆ ಕೆಲವು ಸೂಚನೆಗಳನ್ನೂ ಕೊಟ್ಟಿತು. ಕೆಲಸ ನಡೆಯುವಷ್ಟು ದಿನವೂ ಪಾಸಾದ ಪ್ಲಾನನ್ನು ಸೈಟಿನಲ್ಲಿ ಕಾಣುವ ಹಾಗೆ ಹಾಕಿರಬೇಕು. ಅಧಿಕಾರಿಗಳು ಆಗಾಗ ಬಂದು ನೋಡಬೇಕು, ನೋಡಿದ್ದನ್ನು ಬರೆದಿಡಬೇಕು. ಕಟ್ಟಡ ಪ್ಲಾನಿನಂತೆ ಇದೆ ಅಂತ ಸ್ವತಃ ನೋಡಿದ ಮೇಲೆಯೇ ಒಸಿ ಕೊಡಬೇಕು. ಆ ಪತ್ರ ತೋರಿಸಿದ ಮೇಲೆಯೇ ಕರೆಂಟ್, ನೀರು, ಒಳಚರಂಡಿ ಸಂಪರ್ಕ. ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು.

ಇದರಿಂದ ಬೆಂಗಳೂರಿನಲ್ಲಿ ಎಷ್ಟೋ ಮನೆಗಳಿಗೆ ಮೀಟರ್ ಸಿಗದೆ ಜನ ಪರದಾಡಿದರು. ಒಂದು ಸೈಟು, ಒಂದು ಮನೆ, ಅಷ್ಟೇ ಇರುವವರು. ಅವರ ಕಷ್ಟ ನೋಡಿಯೇ 2025ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯ ಅಡಿ ವಿನಾಯಿತಿ ಬಂತು. ಅದು 1,200 ಚದರಡಿವರೆಗಿನ ಸೈಟಿನಲ್ಲಿರುವ ವಾಸದ ಮನೆಗೆ. ನೆಲ ಮಹಡಿ ಜೊತೆ ಎರಡು ಅಂತಸ್ತು, ಇಲ್ಲವೇ ಕೆಳಗೆ ಬರೀ ಪಿಲ್ಲರ್ ನಿಲ್ಲಿಸಿ ಗಾಡಿಗೆ ಜಾಗ (ಸ್ಟಿಲ್ಟ್ ಪಾರ್ಕಿಂಗ್) ಬಿಟ್ಟು ಮೂರು ಅಂತಸ್ತು. ನನ್ನ ಮಟ್ಟಿಗೆ ಅದು ಒಳ್ಳೆಯ ತೀರ್ಮಾನ.

ಆದರೆ ನೀವು ಇನ್ನೊಂದು ಫ್ಲೋರ್ ಎತ್ತಿದ ದಿನವೇ ಈ ಲೆಕ್ಕದಿಂದ ಹೊರಗೆ ಬೀಳುತ್ತೀರಿ. ಇವತ್ತು ಕೈಯಲ್ಲಿರುವ ವಿನಾಯಿತಿ ಹೋಗುತ್ತದೆ, ಒಸಿಯೂ ಸಿಗುವುದಿಲ್ಲ. ಬಿಟ್ಟುಕೊಟ್ಟಿರುವುದು ಒಸಿಯನ್ನು ಮಾತ್ರ. ಪ್ಲಾನ್ ಇದ್ದಲ್ಲೇ ಇದೆ. ಸೆಟ್‌ಬ್ಯಾಕ್, ಅಂದರೆ ಮನೆ ಸುತ್ತ ಖಾಲಿ ಬಿಡಬೇಕಾದ ಜಾಗ, ಅದೂ ಹಾಗೇ ಇದೆ.

ಇದು ಕಾಗದದ ಮಾತಾಯಿತು. ಈಗ ನಿಮ್ಮ ಪಿಲ್ಲರ್ ಮಾತು. 800 ಚದರಡಿಯ 5 ಇಂಚು ದಪ್ಪದ ಮೋಲ್ಡ್ ಒಂದರ ತೂಕ ಎಷ್ಟು ಗೊತ್ತಾ? ಒಂದು ಘನ ಮೀಟರ್ ಆರ್‌ಸಿಸಿ, ಅಂದರೆ ಕಂಬಿ ಹಾಕಿದ ಕಾಂಕ್ರೀಟು, 2,500 ಕೆಜಿ ತೂಗುತ್ತದೆ. ಲೆಕ್ಕ ಹಾಕಿದರೆ ಸುಮಾರು 23.5 ಟನ್ ಬರುತ್ತದೆ. ಬರೀ ಮೋಲ್ಡಿನದು. ಬೀಮು, ಗೋಡೆ, ಟೈಲ್ಸ್, ಜನ, ಸಾಮಾನು ಇನ್ನೂ ಸೇರಿಲ್ಲ. ಮೇಲೆ ಸಾವಿರ ಲೀಟರ್ ಟ್ಯಾಂಕ್ ಇಟ್ಟರೆ ಮತ್ತೊಂದು ಟನ್. ಇಷ್ಟೂ ಭಾರ ಇಳಿಯುವುದು ನೆಲ ಮಹಡಿಯ ಆ 9–12 ಪಿಲ್ಲರ್‌ಗಳ ಮೇಲೆ, ಅವುಗಳ ಕೆಳಗಿನ ಪಾಯದ ಮೇಲೆ. ಅವುಗಳಿಗೆ ಹಾಕಿದ ಕಂಬಿ ಈಗಿರುವ ಅಂತಸ್ತಿನ ಲೆಕ್ಕದ್ದು. ಪಿಲ್ಲರ್ ಬಾಯಿ ಬಿಟ್ಟು ಸಾಕು ಅನ್ನುವುದಿಲ್ಲ.

ಧಾರವಾಡದ ಕುಮಾರೇಶ್ವರ ನಗರ ನೆನಪಿದೆಯಲ್ವಾ? 2019ರ ಮಾರ್ಚ್ 19. ಮೇಲೆ ಇನ್ನೂ ಕೆಲಸ ನಡೆಯುತ್ತಿತ್ತು, ಕೆಳಗೆ ಆಗಲೇ ಅಂಗಡಿಗಳಲ್ಲಿ ಜನ ಇದ್ದರು. 19 ಜನ ಹೋದರು. ಕಟ್ಟಡ ಪೂರ್ತಿಯಾಗಿ, ಯಾರಾದರೂ ನೋಡಿ ಸರಿ ಅಂದ ಮೇಲೆ ಜನ ಒಳಗೆ ಹೋಗಲಿ ಅನ್ನುವುದೇ ಒಸಿಯ ಮೂಲ ಅರ್ಥ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಮಳೆಯ ಮಧ್ಯೆ ಕುಸಿದ ಕಟ್ಟಡವೂ ಕೆಲಸ ನಡೆಯುತ್ತಿದ್ದದ್ದೇ. ಅಲ್ಲಿ ಸತ್ತವರು ಕೂಲಿ ಮಾಡಲು ಬಂದವರು.

ಬಾಡಿಗೆಯ ಆಸೆ ತಪ್ಪಲ್ಲ ಸಾರ್. ಪೆನ್ಷನ್ ಸಾಕಾಗದ ಕಾಲ ಇದು. ಆದರೆ ಮೇಸ್ತ್ರಿ ಮುಂದಿನ ತಿಂಗಳು ಬೇರೆ ಸೈಟಿಗೆ ಹೋಗುತ್ತಾರೆ. ಆ ಮೋಲ್ಡಿನ ಕೆಳಗೆ ಮಲಗುವವರು ನೀವು, ನಿಮ್ಮ ಬಾಡಿಗೆಯವರು. ಪಾಸಾದ ಪ್ಲಾನಿನ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಸೈಟಿನ ಬಾಗಿಲಿಗೆ ಅಂಟಿಸಿ. ಇನ್ನೊಂದು ಫ್ಲೋರಿನ ಮಾತು ಎತ್ತಿದವರಿಗೆ ಅದನ್ನೇ ತೋರಿಸಿ.

ಪ್ರಶ್ನೆ: ಹೊಸ ಫ್ಲಾಟ್ ಬುಕ್ ಮಾಡಿದ್ದೇವೆ. ಒಸಿ "ಬರ್ತಾ ಇದೆ", ಈಗಲೇ ಗೃಹಪ್ರವೇಶ ಮಾಡಿಕೊಳ್ಳಿ ಅಂತ ಬಿಲ್ಡರ್ ಒತ್ತಾಯ ಮಾಡುತ್ತಿದ್ದಾರೆ. ಮುಹೂರ್ತವೂ ಇದೆ.
— ಓದುಗರು, ಮಂಗಳೂರು

ಮುಹೂರ್ತ ಮತ್ತೆ ಬರುತ್ತದೆ. ಒಸಿ ಸಿಕ್ಕ ಮೇಲೆಯೇ ಕೀಲಿ ಕೊಡುತ್ತೇನೆ ಅಂತ ಬಿಲ್ಡರ್ ಮೊದಲೇ ಬರೆದುಕೊಡಬೇಕು ಅನ್ನುವುದೂ ಮೇಲೆ ಹೇಳಿದ ತೀರ್ಪಿನಲ್ಲೇ ಇದೆ. ಇನ್ನೊಂದು ವಿಷಯ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ (ರೇರಾ) ಪ್ರಕಾರ ಕೀಲಿ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ, ಹೇಳಿದ 30 ದಿನದಲ್ಲಿ ಬಿಲ್ಡರ್ ತಮ್ಮ ಖರ್ಚಿನಲ್ಲೇ ಸರಿ ಮಾಡಿಸಿಕೊಡಬೇಕು. ಹಾಗಾಗಿ ಕೀಲಿ ಪಡೆದ ತಾರೀಖು ಬರವಣಿಗೆಯಲ್ಲಿ ಇರಲಿ.

ಪ್ರಶ್ನೆ: ಮೋಲ್ಡ್ ಹಾಕಿ 9 ದಿನ ಆಯಿತು. ನಾಳೆ ಸೆಂಟ್ರಿಂಗ್ ಬಿಚ್ಚುತ್ತೇವೆ ಅಂತಿದ್ದಾರೆ. ಹಾಲ್ 16 ಅಡಿ ಅಗಲ ಇದೆ, ಮುಂದೆ 4 ಅಡಿ ಬಾಲ್ಕನಿ ಚಾಚಿದೆ. ನಮ್ಮ ಯಜಮಾನರು ಊರಲ್ಲಿಲ್ಲ. ಬಿಚ್ಚಲು ಬಿಡಲಾ?
— ಗೃಹಿಣಿ, ಕ್ಯಾತ್ಸಂದ್ರ, ತುಮಕೂರು

ಬಿಡಬೇಡಿ ತಾಯಿ. ಈ ಪತ್ರಕ್ಕೆ ಫೋನಿನಲ್ಲೇ ಉತ್ತರ ಹೇಳಿದ್ದೇನೆ, ಉಳಿದವರಿಗೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಇದು ಹೊಸ ನಿಯಮ ಅಲ್ಲ. ಕಾಂಕ್ರೀಟ್ ಕೆಲಸಕ್ಕೆ ಇರುವ ಐಎಸ್ 456 ಅನ್ನುವ ಭಾರತೀಯ ಮಾನಕದಲ್ಲಿ ಇದೆ, ಈಗ ನಾವು ಬಳಸುವುದು ಅದರ 2000ನೇ ಇಸವಿಯ ಆವೃತ್ತಿ. ಗೋಡೆಯಿಂದ ಗೋಡೆಗೆ 4.5 ಮೀಟರ್‌ವರೆಗಿನ ಮೋಲ್ಡಿಗೆ ಜಾಕಿ, ಅಂದರೆ ಕೆಳಗೆ ಕೊಟ್ಟ ಆಸರೆ ಕಂಬ, 7 ದಿನ ಇರಬೇಕು, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ. ನಿಮ್ಮ 16 ಅಡಿ ಅಂದರೆ 4.9 ಮೀಟರ್ ಹತ್ತಿರ. ಬೀಮಿನ ಕೆಳಗೆ 6 ಮೀಟರ್‌ವರೆಗೆ 14 ದಿನ, ಮೇಲಾದರೆ 21 ದಿನ. ಇದು ಕೂಡ ಒಪಿಸಿ ಅನ್ನುವ ಸಾಮಾನ್ಯ ಸಿಮೆಂಟಿನ ಲೆಕ್ಕ. ಮೂಟೆಯ ಮೇಲೆ ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟು) ಅಂತ ಇದೆಯಾ ನೋಡಿ. ಅದು ನಿಧಾನವಾಗಿ ಗಟ್ಟಿಯಾಗುತ್ತದೆ, ಇನ್ನೂ ಕೆಲವು ದಿನ ಕಾಯಬೇಕು. ಮೋಲ್ಡ್ ಮೇಲೆ ನೀರು ನಿಲ್ಲಿಸುವುದೂ ಅಷ್ಟೇ, ಪಿಪಿಸಿಗೆ 10 ದಿನಕ್ಕೆ ಕಡಿಮೆ ಬೇಡ, ಬಿಸಿಲು ಜೋರಿದ್ದರೆ 14 ದಿನ.

ಬಾಲ್ಕನಿ ಬಗ್ಗೆ ಹುಷಾರು. ಅದು ಒಂದು ಕಡೆ ಮಾತ್ರ ಹಿಡಿದುಕೊಂಡು ನಿಂತಿರುತ್ತದೆ. ಎಲ್ಲಕ್ಕಿಂತ ಕೊನೆಗೆ ಬಿಚ್ಚಿಸಿ. ಬಿಚ್ಚುವಾಗ ಹೊರಗಿನ ತುದಿಯ ಜಾಕಿ ಮೊದಲು, ಆಮೇಲೆ ಗೋಡೆ ಕಡೆಗೆ. ಹಾಲ್‌ನಲ್ಲಿ ಆದರೆ ನಡುವಿನಿಂದ ಶುರು ಮಾಡಿ ಗೋಡೆ ಕಡೆಗೆ ಹೋಗಬೇಕು.

ಮೇಸ್ತ್ರಿಗೆ ಯಾಕೆ ಅವಸರ ಅಂದರೆ ಜಾಕಿ, ಶೀಟು ಎಲ್ಲಾ ದಿನ ಬಾಡಿಗೆಯದು. ಉಳಿದ ದಿನಗಳ ಬಾಡಿಗೆ ನಾನೇ ಕೊಡುತ್ತೇನೆ ಅನ್ನಿ, ಒಪ್ಪುತ್ತಾರೆ. ನಮ್ಮಪ್ಪ ಗಾರೆ ಮೇಸ್ತ್ರಿ. ಮೋಲ್ಡ್ ಹಾಕಿದ ಸಂಜೆಯೇ ಇದ್ದಿಲಿನಲ್ಲಿ ಗೋಡೆ ಮೇಲೆ ಎರಡು ತಾರೀಖು ಬರೆಯುತ್ತಿದ್ದರು: ಹಾಕಿದ್ದು, ಬಿಚ್ಚುವುದು. ಮನೆಯವರು, ಕೂಲಿಯವರು, ಬೀದಿಯಲ್ಲಿ ಹೋಗುವವರು ಎಲ್ಲರೂ ಓದಬಹುದಿತ್ತು. ನೀವೂ ಇವತ್ತೇ ಬರೆಯಿರಿ.

ಪ್ರಶ್ನೆ: ಪಕ್ಕದ ಜಾಗದಲ್ಲಿ ಕಾಂಪ್ಲೆಕ್ಸ್ ಕಟ್ಟಲು 12 ಅಡಿ ಆಳ ಅಗೆದಿದ್ದಾರೆ. ತೆಗೆದ ಮಣ್ಣನ್ನು ಗುಂಡಿಯ ಅಂಚಿಗೇ ಗುಡ್ಡೆ ಹಾಕಿದ್ದಾರೆ. ಕೂಲಿಯವರ ಮಕ್ಕಳು ಅದರ ಮೇಲೆ ಆಡುತ್ತವೆ. ನಮ್ಮ ಕಾಂಪೌಂಡಿನಲ್ಲಿ ಸಣ್ಣ ಬಿರುಕು ಬಂದಿದೆ. ಹೊಸ ಕಾರ್ಮಿಕ ಕಾನೂನಿನಲ್ಲಿ ಇದಕ್ಕೆ ಏನಾದರೂ ಇದೆಯಾ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಇದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಈಗ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯೊಳಗೆ ಸೇರಿದೆ. ಸ್ವಂತ ವಾಸಕ್ಕೆ ಕಟ್ಟುವ ಮನೆಗೆ ಮೊದಲು 10 ಲಕ್ಷದವರೆಗೆ ರಿಯಾಯಿತಿ ಇತ್ತು, ಈಗ 50 ಲಕ್ಷಕ್ಕೆ ಏರಿದೆ. ನಿಮ್ಮ ಪಕ್ಕದ್ದು ಕಾಂಪ್ಲೆಕ್ಸ್, ಸ್ವಂತ ಮನೆಯ ರಿಯಾಯಿತಿ ಅದಕ್ಕೆ ಸಿಗುವುದಿಲ್ಲ. ಈ 50 ಲಕ್ಷದ ಬದಲಾವಣೆ ನನಗೆ ಸಮಾಧಾನ ತಂದಿಲ್ಲ. 40 ಲಕ್ಷದ ಮನೆಯ ಪಾಯದಲ್ಲಿ ಇಳಿದವನ ಮೇಲೂ ಅದೇ ಮಣ್ಣು ಬೀಳುತ್ತದೆ.

1997ರಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತು. ಒಂದು ಸೈಟಿನಲ್ಲಿ ಸಂಪ್‌ಗೆ ಗುಂಡಿ ತೆಗೆಸಿದ್ದರು. ಅಂಚಿಗೇ ಮಣ್ಣಿನ ಗುಡ್ಡೆ ಇತ್ತು. ಸಂಜೆ ನೋಡಿದೆ, ನಾಳೆ ಹೇಳೋಣ ಅಂತ ಬಂದೆ. ರಾತ್ರಿ ಮಳೆ ಬಂತು. ಬೆಳಿಗ್ಗೆ ಒಬ್ಬ ಹುಡುಗ ನೀರು ಎತ್ತಲು ಇಳಿದ. ಶಬ್ದವೇ ಆಗಲಿಲ್ಲ, ಪಕ್ಕದ ಮಣ್ಣು ಸುಮ್ನೆ ಜಾರಿ ಬಂದು ಎದೆಯವರೆಗೆ ಮುಚ್ಚಿತು. ಸಲಿಕೆ ಹಾಕಿದರೆ ಕಾಲಿಗೆ ತಾಗುತ್ತದೆ ಅಂತ ಏಳು ಜನ ಕೈಯಿಂದಲೇ ತೋಡಿದೆವು. ಅವನ ಬೆರಳುಗಳು ನನ್ನ ಮಣಿಕಟ್ಟನ್ನು ಹಿಡಿದಿದ್ದವು, ಬಿಡಲೇ ಇಲ್ಲ. ಬದುಕಿದ. ಆಮೇಲೆ ಭಾರ ಎತ್ತುವ ಕೆಲಸ ಅವನಿಂದ ಆಗಲಿಲ್ಲ. ಹಿಂದಿನ ಸಂಜೆ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಅಗೆತದ ಮಾನಕ ಹೇಳುವುದು ಇಷ್ಟು. 1.5 ಮೀಟರ್‌ಗಿಂತ ಆಳಕ್ಕೆ ಹೋದರೆ ಪಕ್ಕದ ಮಣ್ಣಿಗೆ ಹಲಗೆ, ಅಡ್ಡಪಟ್ಟಿ ಕೊಟ್ಟು ಆಧಾರ ಮಾಡಬೇಕು, ಇಲ್ಲವೇ ಇಳಿಜಾರಾಗಿ ಕಡಿಯಬೇಕು. ತೆಗೆದ ಮಣ್ಣು ಅಂಚಿನಿಂದ 1.5 ಮೀಟರ್ ಅಥವಾ ಗುಂಡಿಯ ಅರ್ಧ ಆಳ, ಯಾವುದು ಜಾಸ್ತಿಯೋ ಅಷ್ಟು ದೂರ ಇರಬೇಕು. 12 ಅಡಿ ಗುಂಡಿ ಅಂದರೆ 6 ಅಡಿ ದೂರ.

ನಾಳೆ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲೇ ಹೋಗಿ. ಮೊದಲು ಮಕ್ಕಳನ್ನು ಆ ಗುಡ್ಡೆಯಿಂದ ಇಳಿಸಿ, ಅವರ ತಾಯಂದಿರ ಹತ್ತಿರ ಮಾತಾಡಿ. ಆಮೇಲೆ ಸೈಟ್ ಎಂಜಿನಿಯರ್‌ಗೆ 6 ಅಡಿ ಲೆಕ್ಕ ಹೇಳಿ. ಟೇಪು ನೀವೇ ತೆಗೆದುಕೊಂಡು ಹೋಗಿ, ಅಳತೆ ಕಾಣುವ ಹಾಗೆ ಫೋಟೊ ತೆಗೆಯಿರಿ. ನಿಮ್ಮ ಕಾಂಪೌಂಡಿನ ಬಿರುಕಿಗೆ ಅಡ್ಡವಾಗಿ ಒಂದು ತೆಳ್ಳನೆ ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಸಿಮೆಂಟ್ ಹಚ್ಚಿ ಕೂರಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಅಂತ ಅರ್ಥ. ಅವತ್ತೇ ಪಾಲಿಕೆಯ ವಲಯ ಕಚೇರಿಗೂ ಕಾರ್ಮಿಕ ಇಲಾಖೆಗೂ ಫೋಟೊ ಸಮೇತ ಅರ್ಜಿ ಕೊಟ್ಟು, ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬನ್ನಿ. ಮೋಡ ಕಟ್ಟಿದರೆ ಗಾಜಿಗೂ ಕಾಯಬೇಡಿ.