ಅಜ್ಜನ ಕಾಗದಗಳಲ್ಲಿ ಎರಡು ರೈಲ್ವೆ ಹೆಸರು: ಬೀರೂರು–ಶಿವಮೊಗ್ಗ ಲೈನು

ರೈಲ್ವೆಯಲ್ಲಿ ಕೆಲಸ ಮಾಡುತ್ತಿದ್ದ ನಿಮ್ಮ ಅಜ್ಜನ ಎರಡು ಕಾಗದಗಳಲ್ಲಿ ಬೇರೆ ಬೇರೆ ರೈಲ್ವೆ ಹೆಸರು ಯಾಕಿದೆ, ಯಾವುದು ಸರಿ ಅಂತ ಕೇಳಿದ್ದೀರಿ. ಎರಡೂ ಕಾಗದ ಸರಿಯಾಗಿಯೇ ಇರಬೇಕು. 1926ರಲ್ಲಿ ತರೀಕೆರೆಯಲ್ಲಿ ‘ಮೈಸೂರು ಸ್ಟೇಟ್ ರೈಲ್ವೆ’, 1931ರಲ್ಲಿ ಬೀರೂರಲ್ಲಿ ‘ಮದ್ರಾಸ್ ಅಂಡ್ ಸದರ್ನ್ ಮರಾಠಾ’ ಅಂತ ಇರೋದಕ್ಕೆ ಕಾರಣ, ಲೈನು ಒಬ್ಬರದ್ದು, ಓಡಿಸುವವರು ಇನ್ನೊಬ್ಬರು ಆಗಿದ್ದದ್ದು.

ಬೀರೂರು–ಶಿವಮೊಗ್ಗ ಕವಲು ಲೈನು 1899ರಲ್ಲಿ ಶುರುವಾಯಿತು. ಹಣ ಮೈಸೂರು ಸಂಸ್ಥಾನದ್ದು, ಓಡಿಸಿದ್ದು ಸದರ್ನ್ ಮರಾಠಾ ಕಂಪನಿ. ಅದು 1908ರಲ್ಲಿ ಮದ್ರಾಸ್ ರೈಲ್ವೆ ಜೊತೆ ಸೇರಿ ‘ಮದ್ರಾಸ್ ಅಂಡ್ ಸದರ್ನ್ ಮರಾಠಾ’ ಎಂಬ ಹೊಸ ಹೆಸರು ಪಡೆಯಿತು. 1919ರಲ್ಲಿ ಸಂಸ್ಥಾನ, ತರೀಕೆರೆ ಇರುವ ಈ ಕವಲನ್ನು ತಾನೇ ನಡೆಸೋಕೆ ತಗೊಂಡಿತು. ಆದರೆ ಬೆಂಗಳೂರು–ಹರಿಹರ ಲೈನು 1938ರವರೆಗೂ ಕಂಪನಿ ಕೈಯಲ್ಲೇ ಇತ್ತು. ಬೀರೂರು ಆ ಲೈನಿನ ಜಂಕ್ಷನ್ ಅಲ್ವಾ? ಹಾಗಾಗಿ ಒಂದೇ ಊರಿನ ಸ್ಟೇಷನ್ನಿನಲ್ಲಿ ಎರಡು ಆಡಳಿತ. ನಮ್ಮ ಮನೆಯ ಹಳೇ ಕಾಗದಗಳಲ್ಲೂ ನನಗೆ ಇದೇ ಗೊಂದಲ ಆಗಿತ್ತು.

ಮೊದಲು ಪ್ರತಿ ಕಾಗದದ ಇಸವಿ, ಊರು ಬರೆದುಕೊಳ್ಳಿ. ಇದೇ ಕವಲಿನಲ್ಲಿರುವ ಭದ್ರಾವತಿಗೆ ಹಳೇ ಹೆಸರು ಬೆಂಕಿಪುರ, ಅದನ್ನೂ ಗಮನಿಸಿ. ಆಮೇಲೆ ಮೇಲಿನ ಇಸವಿಗಳ ಜೊತೆ ಹೋಲಿಸಿ. ಸಂಸ್ಥಾನದ ಕಾಲದ್ದಾದರೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಿ. ಮೈಸೂರು ಸರ್ಕಾರದ ವಾರ್ಷಿಕ ಆಡಳಿತ ವರದಿಗಳಲ್ಲಿ ರೈಲ್ವೆಯ ಭಾಗವೂ ಇರುತ್ತದೆ. ಕಂಪನಿಯ ಮುಖ್ಯ ಕಚೇರಿ ಮದ್ರಾಸಿನಲ್ಲಿತ್ತು, ಆ ಕಾಗದಗಳಿಗೆ ಅಲ್ಲೂ ವಿಚಾರಿಸಿ ನೋಡಿ.

ಅಜ್ಜ ನಿಜಕ್ಕೂ ಕೆಲಸ ಬದಲಿಸಿದರೋ, ಎರವಲು ಸೇವೆಗೆ (ಒಬ್ಬರ ನೌಕರರಾಗಿದ್ದೇ ಸ್ವಲ್ಪ ಕಾಲ ಇನ್ನೊಬ್ಬರಲ್ಲಿ ಕೆಲಸಕ್ಕೆ) ಹೋದರೋ, ಕಾಗದ ನೋಡದೆ ನಾನು ಹೇಳಲಾರೆ. ಪ್ರಾವಿಡೆಂಟ್ ಫಂಡ್ ಚೀಟಿ ಇದ್ದರೆ ಮೊದಲು ಅದನ್ನು ನೋಡಿ. ಅದು ಯಾವ ರೈಲ್ವೆಯ ಫಂಡೋ, ಅಜ್ಜ ಮೂಲದಲ್ಲಿ ಆ ರೈಲ್ವೆಯ ನೌಕರರಾಗಿದ್ದಿರಬಹುದು.